ಕಂಪ್ಯೂಟರ್ ಆಫ್ ಮಾಡಿ ಯುದ್ಧವಿಮಾನ ಹಾರಿಸಬಹುದೇ? ಜಾಮ್‌ನಗರದ ಜಾಗ್ವಾರ್‌ನಿಂದ ಬೆಂಗಳೂರಿನ ತೇಜಸ್‌ವರೆಗೆ, ಇಲ್ಲಿದೆ ಸಂಪೂರ್ಣ ಮಾಹಿತಿ

2025ರ ಏಪ್ರಿಲ್ 2ರ ರಾತ್ರಿ ಗುಜರಾತ್‌ನ ಜಾಮ್‌ನಗರ ವಾಯುನೆಲೆಯಿಂದ ತರಬೇತಿಗಾಗಿ ಹಾರಿದ್ದ ಭಾರತೀಯ ವಾಯುಪಡೆಯ ಎರಡು ಆಸನಗಳ ಜಾಗ್ವಾರ್ ಯುದ್ಧವಿಮಾನ ಪತನಗೊಂಡಿತು. ತಾಂತ್ರಿಕ ದೋಷ ಕಾಣಿಸಿಕೊಂಡ ಬಳಿಕ ಪೈಲಟ್‌ಗಳು ವಾಯುನೆಲೆ ಹಾಗೂ ಸುತ್ತಲಿನ ಜನವಸತಿಗೆ ಹಾನಿಯಾಗದಂತೆ ನೋಡಿಕೊಂಡು ಹೊರಜಿಗಿಯಲು ಮುಂದಾದರು ಎಂದು ವಾಯುಪಡೆ ತಿಳಿಸಿತ್ತು. ಒಬ್ಬರು ಗಾಯಗೊಂಡು ಬದುಕುಳಿದರು. ಫ್ಲೈಟ್ ಲೆಫ್ಟಿನೆಂಟ್ ಸಿದ್ಧಾರ್ಥ್ ಯಾದವ್ ಹುತಾತ್ಮರಾದರು.

ಅದಾಗಿ ಎರಡೂವರೆ ತಿಂಗಳು ತುಂಬುವ ಮೊದಲೇ, ಜೂನ್ 12ರಂದು, ಅಹಮದಾಬಾದ್‌ನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದು 260 ಮಂದಿ ಪ್ರಾಣ ಕಳೆದುಕೊಂಡರು.

ಎರಡೂ ಬೇರೆ ಬೇರೆ ಬಗೆಯ ವಿಮಾನ, ಬೇರೆ ಬೇರೆ ಬಗೆಯ ದುರಂತ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಜನಸಾಮಾನ್ಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಯಂತ್ರ ಕೈಕೊಟ್ಟರೆ ಪೈಲಟ್ ಕಂಪ್ಯೂಟರ್ ಆಫ್ ಮಾಡಿ, ತನ್ನ ಕೈಯಿಂದಲೇ ವಿಮಾನ ಹಾರಿಸಲು ಆಗುವುದಿಲ್ಲವೇ?

ಇಂದಿನ ಯುದ್ಧವಿಮಾನಗಳ ಮಟ್ಟಿಗೆ ಇದಕ್ಕೆ ಉತ್ತರ ಬಹುತೇಕ 'ಇಲ್ಲ'. ಅವುಗಳಲ್ಲಿ ಆಫ್ ಮಾಡುವ ಸ್ವಿಚ್ ಇಡದಿರುವುದಕ್ಕೆ ಬಲವಾದ ಕಾರಣವಿದೆ. ಅದೇನು? ಹಾಗಾದರೆ ಪೈಲಟ್ ಕೈಯಲ್ಲಿ ಉಳಿಯುವುದೇನು? ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್‌ನಲ್ಲಿ ವ್ಯವಸ್ಥೆ ಹೇಗಿದೆ? ವಿವರ ಇಲ್ಲಿದೆ.

ಮೊದಲು ಕೈಯದೇ ಕೆಲಸ

ಹಳೆಯ ವಿಮಾನಗಳಲ್ಲಿ ಪೈಲಟ್ ಹಿಡಿಯುವ ಸ್ಟಿಕ್‌ನಿಂದ ರೆಕ್ಕೆ ಮತ್ತು ಬಾಲದ ಫಲಕಗಳವರೆಗೆ ಉಕ್ಕಿನ ತಂತಿ ಅಥವಾ ಸರಳುಗಳ ನೇರ ಸಂಪರ್ಕ ಇರುತ್ತಿತ್ತು. ಸ್ಟಿಕ್ ಎಳೆದರೆ ತಂತಿ ಎಳೆಯುತ್ತದೆ, ಫಲಕ ತಿರುಗುತ್ತದೆ. ಬಾವಿಯ ರಾಟೆಗೆ ಹಗ್ಗ ಕಟ್ಟಿ ಸೇದಿದಷ್ಟೇ ಸರಳ.

ವೇಗ ಹೆಚ್ಚಾದಂತೆ ಗಾಳಿಯ ಒತ್ತಡಕ್ಕೆ ಎದುರಾಗಿ ಫಲಕ ತಿರುಗಿಸುವುದು ಮನುಷ್ಯನ ತೋಳಿನ ಶಕ್ತಿಗೆ ಮೀರಿತು. ಆಗ ಹೈಡ್ರಾಲಿಕ್ ವ್ಯವಸ್ಥೆ ಬಂತು. ಸರಳುಗಳು ಹೈಡ್ರಾಲಿಕ್ ಕವಾಟಗಳನ್ನು ತೆರೆಯುತ್ತವೆ, ಫಲಕ ತಿರುಗಿಸುವ ಭಾರವನ್ನು ಎಣ್ಣೆಯ ಒತ್ತಡ ಹೊರುತ್ತದೆ. ಕಾರಿನ ಪವರ್ ಸ್ಟೀರಿಂಗ್ ಇದ್ದ ಹಾಗೆ.

ಭಾರತೀಯ ವಾಯುಪಡೆ 1950ರ ದಶಕದ ಕೊನೆಯಲ್ಲಿ ಪಡೆದ ಹಾಕರ್ ಹಂಟರ್ ವಿಮಾನದಲ್ಲಿ ಹೈಡ್ರಾಲಿಕ್ಸ್ ಕೈಕೊಟ್ಟರೆ ಕೈಬಲದ ನಿಯಂತ್ರಣಕ್ಕೆ ಮರಳುವ ಅವಕಾಶವಿತ್ತು. ಸ್ಟಿಕ್ ಬಹಳ ಭಾರವಾಗುತ್ತಿತ್ತಾದರೂ ವಿಮಾನ ಪೈಲಟ್ ಮಾತು ಕೇಳುತ್ತಿತ್ತು. 'ಮ್ಯಾನುಯಲ್' ಎಂಬ ಪದಕ್ಕೆ ನಿಜವಾದ ಅರ್ಥವಿದ್ದ ಕಾಲ ಅದು.

ಇದರ ಬಹು ಪ್ರಸಿದ್ಧ ಉದಾಹರಣೆ 2003ರ ಏಪ್ರಿಲ್ 7ರದು. ಬಾಗ್ದಾದ್ ಮೇಲೆ ಹಾರುತ್ತಿದ್ದ ಅಮೆರಿಕದ ಎ-10 ದಾಳಿ ವಿಮಾನಕ್ಕೆ ಪೆಟ್ಟು ಬಿದ್ದು ಹೈಡ್ರಾಲಿಕ್ಸ್ ಸಂಪೂರ್ಣ ನಿಂತುಹೋಯಿತು. ಪೈಲಟ್ ಕ್ಯಾಪ್ಟನ್ ಕಿಮ್ ಕ್ಯಾಂಪ್‌ಬೆಲ್ ಸ್ವಿಚ್ ಬದಲಿಸಿ ತಂತಿ-ಸರಳುಗಳ ನಿಯಂತ್ರಣಕ್ಕೆ ಬಂದು, ಜರ್ಜರಿತ ವಿಮಾನವನ್ನು ನೆಲೆಗೆ ತಂದು ಇಳಿಸಿದರು. ಎ-10 ನಿಧಾನಗತಿಯ, ಸ್ವಭಾವತಃ ಸ್ಥಿರವಾದ ವಿಮಾನ. ಹಾಗಾಗಿ ಇದು ಸಾಧ್ಯವಾಯಿತು.

ಫ್ಲೈ-ಬೈ-ವೈರ್ ಎಂದರೇನು?

ಫ್ಲೈ-ಬೈ-ವೈರ್‌ನಲ್ಲಿ ಸ್ಟಿಕ್ ಮತ್ತು ಫಲಕಗಳ ನಡುವೆ ಯಾಂತ್ರಿಕ ಕೊಂಡಿ ಇರುವುದಿಲ್ಲ. ಪೈಲಟ್ ಸ್ಟಿಕ್ ಅಲ್ಲಾಡಿಸಿದರೆ ಅದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್‌ಗೆ ಹೋಗುತ್ತದೆ. ವಿಮಾನದ ವೇಗ, ಎತ್ತರ, ಗಾಳಿಗೆ ಮೂಗು ಒಡ್ಡಿರುವ ಕೋನ, ಅದು ತಿರುಗುತ್ತಿರುವ ದರ ಇವನ್ನೆಲ್ಲ ಸಂವೇದಕಗಳು ಹೇಳುತ್ತಿರುತ್ತವೆ. ಎಲ್ಲವನ್ನೂ ಲೆಕ್ಕ ಹಾಕಿ ಯಾವ ಫಲಕ ಎಷ್ಟು ತಿರುಗಬೇಕು ಎಂದು ಕಂಪ್ಯೂಟರ್ ಆದೇಶ ಕೊಡುತ್ತದೆ.

ಅಂದರೆ ಪೈಲಟ್ 'ಈ ಫಲಕವನ್ನು ಇಷ್ಟು ತಿರುಗಿಸು' ಎನ್ನುವುದಿಲ್ಲ. 'ನನಗೆ ಇಷ್ಟು ವೇಗವಾಗಿ ಮೂಗು ಮೇಲೇಳಬೇಕು' ಎಂದು ಕೇಳುತ್ತಾರೆ. ಹೇಗೆ ಎಂಬುದು ಕಂಪ್ಯೂಟರ್‌ಗೆ ಬಿಟ್ಟ ವಿಷಯ.

ಡಿಜಿಟಲ್ ಕಂಪ್ಯೂಟರ್ ನಂಬಿ, ಯಾಂತ್ರಿಕ ಬದಲಿ ಇಲ್ಲದೆ ಮೊದಲು ಹಾರಿದ್ದು ಅಮೆರಿಕದ ನಾಸಾ ಸಂಸ್ಥೆಯ ಎಫ್-8 ಕ್ರುಸೇಡರ್. ದಿನಾಂಕ 1972ರ ಮೇ 25, ಪೈಲಟ್ ಗ್ಯಾರಿ ಕ್ರಿಯರ್. ಚಂದ್ರಯಾನದ ಅಪೊಲೊ ನೌಕೆಗಳಲ್ಲಿ ಬಳಸಿದ ಕಂಪ್ಯೂಟರ್ ಅನ್ನೇ ಅದಕ್ಕೆ ಅಳವಡಿಸಲಾಗಿತ್ತು. ಡಿಜಿಟಲ್ ವ್ಯವಸ್ಥೆ ಕೈಕೊಟ್ಟರೆ ಇರಲಿ ಎಂದು ಅನಲಾಗ್ ವಿದ್ಯುನ್ಮಾನ ಬದಲಿಯೊಂದನ್ನು ಇಡಲಾಗಿತ್ತು.

ಇಲ್ಲಿ ಜಾಗ್ವಾರ್‌ಗೂ ಒಂದು ಸ್ಥಾನವಿದೆ. ನಮ್ಮ ವಾಯುಪಡೆಯ ಜಾಗ್ವಾರ್‌ಗಳು ಸರಳು ಮತ್ತು ಹೈಡ್ರಾಲಿಕ್ಸ್ ಪೀಳಿಗೆಯವು. ಆದರೆ ಬ್ರಿಟನ್ ಒಂದು ಜಾಗ್ವಾರ್‌ನ ಎಲ್ಲ ಯಾಂತ್ರಿಕ ಕೊಂಡಿಗಳನ್ನು ಕಿತ್ತು, ನಾಲ್ಕು ಡಿಜಿಟಲ್ ಕಂಪ್ಯೂಟರ್ ಚಾನೆಲ್‌ಗಳನ್ನು ಮಾತ್ರ ನಂಬಿ 1981ರ ಅಕ್ಟೋಬರ್ 20ರಂದು ಹಾರಿಸಿತು. ಅದರಲ್ಲಿ ಯಾಂತ್ರಿಕ ಬದಲಿಯೂ ಇರಲಿಲ್ಲ, ಅನಲಾಗ್ ಬದಲಿಯೂ ಇರಲಿಲ್ಲ. ಮುಂದೆ ತೇಜಸ್ ಹಿಡಿದದ್ದು ಇದೇ ದಾರಿ.

ಆಫ್ ಮಾಡಿದರೆ ಏನಾಗುತ್ತದೆ?

ಸಾಮಾನ್ಯ ಪ್ರಯಾಣಿಕ ವಿಮಾನ ಸ್ವಭಾವತಃ ಸ್ಥಿರ. ಗಾಳಿಯ ಹೊಡೆತಕ್ಕೆ ಮೂಗು ಮೇಲೆದ್ದರೆ ತಾನಾಗಿಯೇ ಕೆಳಗಿಳಿದು ಸರಿಹೋಗುವ ಗುಣ ಅದಕ್ಕಿದೆ. ಆದರೆ ಯುದ್ಧವಿಮಾನಕ್ಕೆ ಈ ಗುಣವೇ ತೊಡಕು. ಸ್ಥಿರವಾದದ್ದು ತಿರುಗಲು ಒಪ್ಪುವುದಿಲ್ಲ. ಚಕ್ಕನೆ ತಿರುಗಬೇಕಾದರೆ ವಿಮಾನ ಅಸ್ಥಿರವಾಗಿರಬೇಕು.

ಅದಕ್ಕೇ ಎಫ್-16, ಮಿರಾಜ್-2000, ತೇಜಸ್‌ನಂಥ ವಿಮಾನಗಳನ್ನು ಬೇಕೆಂದೇ ಸ್ಥಿರತೆ ಕಡಿಮೆ ಇರುವಂತೆ ವಿನ್ಯಾಸ ಮಾಡಲಾಗಿದೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ ಇವುಗಳ ಸ್ಥಿತಿ. ಕೋಲು ವಾಲಿದಾಗಲೆಲ್ಲ ಅಂಗೈ ಸರಿಸುತ್ತಲೇ ಇರಬೇಕು, ಒಂದು ಕ್ಷಣ ನಿಲ್ಲಿಸಿದರೂ ಬಿತ್ತು.

ಮುಮ್ಮುಖ ರೆಕ್ಕೆಯ ಎಕ್ಸ್-29 ಎಂಬ ಅಮೆರಿಕದ ಪ್ರಾಯೋಗಿಕ ವಿಮಾನದಲ್ಲಿ ಕಂಪ್ಯೂಟರ್ ಸೆಕೆಂಡಿಗೆ 40 ಬಾರಿ ತಿದ್ದುಪಡಿ ಮಾಡಬೇಕಿತ್ತು. ಕಂಡು, ಅರಿತು, ಕೈ ಅಲ್ಲಾಡಿಸಲು ಮನುಷ್ಯನಿಗೆ ಸೆಕೆಂಡಿನ ಕಾಲು ಭಾಗದಷ್ಟಾದರೂ ಹೊತ್ತು ಬೇಕು. ಅಷ್ಟರಲ್ಲಿ ಕಂಪ್ಯೂಟರ್ ಹತ್ತು ಬಾರಿ ತಿದ್ದಿರುತ್ತದೆ. ಇಂಥ ವಿಮಾನದಲ್ಲಿ ಕಂಪ್ಯೂಟರ್ ಆಫ್ ಆದರೆ ಎಷ್ಟೇ ನುರಿತ ಪೈಲಟ್ ಆದರೂ ಹಿಡಿತ ಉಳಿಸಿಕೊಳ್ಳಲಾರರು. ವಿಮಾನ ಕ್ಷಣಾರ್ಧದಲ್ಲಿ ಗಿರಕಿ ಹೊಡೆಯಬಹುದು, ಗಾಳಿಯ ಒತ್ತಡಕ್ಕೆ ಮುರಿದೂ ಹೋಗಬಹುದು.

ಹಾಗಾದರೆ ಕಂಪ್ಯೂಟರ್ ಕೆಟ್ಟರೆ?

ಇದಕ್ಕೆ ವಿನ್ಯಾಸಕಾರರು ಕಂಡುಕೊಂಡ ದಾರಿ ಒಂದರ ಬದಲು ನಾಲ್ಕು. ಒಂದೇ ಲೆಕ್ಕವನ್ನು ನಾಲ್ಕು ಚಾನೆಲ್‌ಗಳು ಏಕಕಾಲಕ್ಕೆ ಮಾಡುತ್ತವೆ. ಫಲಿತಾಂಶಗಳನ್ನು ಪರಸ್ಪರ ಹೋಲಿಸಲಾಗುತ್ತದೆ. ಮೂರು ಒಂದು ಉತ್ತರ ಹೇಳಿ ನಾಲ್ಕನೆಯದು ಬೇರೆ ಹೇಳಿದರೆ, ಆ ನಾಲ್ಕನೆಯದನ್ನು ಹೊರಗಿಡಲಾಗುತ್ತದೆ. ಆಮೇಲೆ ಇನ್ನೊಂದು ಕೆಟ್ಟರೂ ಉಳಿದೆರಡರಿಂದ ವಿಮಾನ ಹಾರುತ್ತದೆ. ಪಂಚಾಯಿತಿಯಲ್ಲಿ ಬಹುಮತದ ತೀರ್ಮಾನದಂತೆ.

ಆದರೆ ಈ ಪಂಚಾಯಿತಿಗೂ ಎರಡು ದೌರ್ಬಲ್ಯಗಳಿವೆ.

ಮೊದಲನೆಯದು ತಂತ್ರಾಂಶ. ನಾಲ್ಕೂ ಚಾನೆಲ್‌ಗಳಲ್ಲಿ ಒಂದೇ ಪ್ರೋಗ್ರಾಂ ಇದ್ದು, ಅದರಲ್ಲೇ ತಪ್ಪಿದ್ದರೆ ನಾಲ್ಕೂ ಒಟ್ಟಿಗೆ ಅದೇ ತಪ್ಪು ಉತ್ತರ ಕೊಡುತ್ತವೆ. ಮತದಾನದಿಂದ ಅದು ಪತ್ತೆಯಾಗುವುದಿಲ್ಲ.

ಎರಡನೆಯದು ಮಾಹಿತಿ. ಸಂವೇದಕಗಳು ಸುಳ್ಳು ಹೇಳಿದರೆ ಕಂಪ್ಯೂಟರ್ ಸರಿಯಾಗಿಯೇ ಲೆಕ್ಕ ಹಾಕಿ ತಪ್ಪು ಕೆಲಸ ಮಾಡುತ್ತದೆ. 2008ರ ಫೆಬ್ರವರಿ 23ರಂದು ಗುವಾಮ್ ದ್ವೀಪದಲ್ಲಿ ಅಮೆರಿಕದ ಬಿ-2 ಬಾಂಬರ್ ಟೇಕಾಫ್ ವೇಳೆಯೇ ಬಿದ್ದದ್ದು ಹೀಗೆ. ಸಂವೇದಕಗಳಲ್ಲಿ ತೇವಾಂಶ ಸೇರಿ ತಪ್ಪು ಅಂಕಿ ಬಂದಿತ್ತು. ಇಬ್ಬರೂ ಪೈಲಟ್‌ಗಳು ಹೊರಜಿಗಿದು ಪಾರಾದರು.

ಕಂಪ್ಯೂಟರ್ ಮತ್ತು ಪೈಲಟ್ ಜಗಳವಾಡಿದಾಗ

1974ರ ಜನವರಿ 20ರಂದು ಎಫ್-16ರ ಮಾದರಿ ವಿಮಾನವನ್ನು ರನ್‌ವೇ ಮೇಲೆ ಓಡಿಸಿ ನೋಡುವ ಪರೀಕ್ಷೆ ಮಾತ್ರ ನಿಗದಿಯಾಗಿತ್ತು. ಸ್ಟಿಕ್ ಅತಿ ಸೂಕ್ಷ್ಮವಾಗಿದ್ದ ಕಾರಣ ವಿಮಾನ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ನೆಲದ ಮೇಲೆ ಉಳಿದರೆ ಅಪಾಯ ಎಂದರಿತ ಪರೀಕ್ಷಾ ಪೈಲಟ್ ಫಿಲ್ ಓಸ್ಟ್ರಿಕರ್ ವಿಮಾನವನ್ನು ಮೇಲಕ್ಕೇರಿಸಿಬಿಟ್ಟರು. ಯೋಜನೆಯಲ್ಲೇ ಇಲ್ಲದ ಆ ಹಾರಾಟ ಸುರಕ್ಷಿತವಾಗಿ ಮುಗಿಯಿತು. ಅಧಿಕೃತ ಮೊದಲ ಹಾರಾಟ ನಡೆದದ್ದು ಫೆಬ್ರವರಿ 2ರಂದು.

ಪೈಲಟ್ ಒಂದು ಕಡೆ ತಿದ್ದುವಷ್ಟರಲ್ಲಿ ವಿಮಾನ ಇನ್ನೊಂದು ಕಡೆ ವಾಲಿ, ತಿದ್ದುಪಡಿಯೇ ತೂಗಾಟವನ್ನು ಹೆಚ್ಚಿಸುವ ಈ ಸ್ಥಿತಿ ಫ್ಲೈ-ಬೈ-ವೈರ್‌ನ ಆರಂಭದ ವರ್ಷಗಳನ್ನು ಬಹಳ ಕಾಡಿತು. ಸ್ವೀಡನ್‌ನ ಗ್ರಿಪೆನ್ 1989ರ ಫೆಬ್ರವರಿಯಲ್ಲಿ ಇಳಿಯುವಾಗ ಪಲ್ಟಿಯಾಯಿತು. ಅದೇ ಪೈಲಟ್ ಲಾರ್ಸ್ ರೋಡೆಸ್ಟ್ರೋಮ್ ಅವರೇ ಹಾರಿಸುತ್ತಿದ್ದ ಮತ್ತೊಂದು ಗ್ರಿಪೆನ್ 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್ ಉತ್ಸವದ ಜನಸಂದಣಿಯ ಬಳಿಯೇ ಬಿತ್ತು. ನಡುವೆ 1992ರ ಏಪ್ರಿಲ್‌ನಲ್ಲಿ ಅಮೆರಿಕದ ವೈಎಫ್-22 ರನ್‌ವೇಗೆ ಅಪ್ಪಳಿಸಿತು.

ಮೂರೂ ದುರಂತಗಳು ನಡೆದದ್ದು ಬೆಂಗಳೂರಿನಲ್ಲಿ ತೇಜಸ್‌ನ ವಿನ್ಯಾಸ ಸಾಗುತ್ತಿದ್ದ ವರ್ಷಗಳಲ್ಲೇ. ಇಲ್ಲಿನ ಎಂಜಿನಿಯರ್‌ಗಳ ಮುಂದಿದ್ದ ಸವಾಲು ಎಂಥದ್ದು ಎಂಬುದಕ್ಕೆ ಇವೇ ಸಾಕ್ಷಿ.

ಬೆಂಗಳೂರಿನಲ್ಲಿ ಬರೆದ ನಿಯಂತ್ರಣ ಸೂತ್ರ

ಹಗುರ ಯುದ್ಧವಿಮಾನ ಯೋಜನೆಗಾಗಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಸ್ಥಾಪನೆಯಾದದ್ದು 1984ರಲ್ಲಿ. ಬಾಲದ ಅಡ್ಡರೆಕ್ಕೆ ಇಲ್ಲದ, ತ್ರಿಕೋನ ರೆಕ್ಕೆಯ, ಬೇಕೆಂದೇ ಅಸ್ಥಿರವಾಗಿಟ್ಟ ವಿಮಾನವನ್ನು ಕಂಪ್ಯೂಟರ್ ಇಲ್ಲದೆ ಹಾರಿಸುವಂತಿರಲಿಲ್ಲ. ಫ್ರಾನ್ಸ್‌ನ ಡಸಾಲ್ಟ್ ಮೂರು ಡಿಜಿಟಲ್ ಚಾನೆಲ್ ಮತ್ತು ಒಂದು ಅನಲಾಗ್ ಚಾನೆಲ್ ಇರುವ ವ್ಯವಸ್ಥೆಯನ್ನು ಮುಂದಿಟ್ಟಿತ್ತು. ಎಡಿಎ ಆರಿಸಿಕೊಂಡದ್ದು ನಾಲ್ಕೂ ಡಿಜಿಟಲ್ ಇರುವ ವ್ಯವಸ್ಥೆಯನ್ನು.

ಪೈಲಟ್ ಕೇಳಿದ್ದಕ್ಕೆ ವಿಮಾನ ಹೇಗೆ ಸ್ಪಂದಿಸಬೇಕು ಎಂಬ ಗಣಿತವೇ 'ಕಂಟ್ರೋಲ್ ಲಾ'. ಅದನ್ನು ರೂಪಿಸಲು 1992ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ನೇತೃತ್ವದಲ್ಲಿ ರಾಷ್ಟ್ರೀಯ ತಂಡ ಕಟ್ಟಲಾಯಿತು. ಕಂಪ್ಯೂಟರ್ ರೂಪಿಸುವ ಹೊಣೆ ಡಿಆರ್‌ಡಿಒದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್‌ಗೆ (ಎಡಿಇ) ಬಂತು. ಅದೂ ಬೆಂಗಳೂರಿನದೇ.

ಸೂತ್ರವನ್ನು ಪರೀಕ್ಷಿಸಲು ಎಡಿಇಯ ಸಿಮ್ಯುಲೇಟರ್ ಇತ್ತು. ವಿಮಾನದ ಹೈಡ್ರಾಲಿಕ್ಸ್, ಫಲಕಗಳು, ಕಂಪ್ಯೂಟರ್‌ಗಳನ್ನೆಲ್ಲ ನೆಲದ ಮೇಲೇ ಜೋಡಿಸಿ ಓಡಿಸಿ ನೋಡುವ 'ಐರನ್ ಬರ್ಡ್' ಎಂಬ ಚೌಕಟ್ಟೂ ಇತ್ತು. ಆದರೆ ಆಕಾಶದ ಅನುಭವ ಬೇರೆಯೇ. ಅದಕ್ಕಾಗಿ 1995 ಮತ್ತು 1996ರಲ್ಲಿ ಅಮೆರಿಕದ ಎರಡು ವಿಶೇಷ ವಿಮಾನಗಳನ್ನು ಬಳಸಲಾಯಿತು: ಎನ್‌ಟಿ-33 ಮತ್ತು ಎಫ್-16 ವಿಸ್ಟಾ. ಇವು ವೇಷಧಾರಿ ವಿಮಾನಗಳು. ತೇಜಸ್‌ನ ಸೂತ್ರ ತುಂಬಿದರೆ ತೇಜಸ್‌ನಂತೆಯೇ ನಡೆದುಕೊಳ್ಳುತ್ತವೆ. ಏನಾದರೂ ಎಡವಟ್ಟಾದರೆ ಜೊತೆಯಲ್ಲಿರುವ ಪೈಲಟ್ ವೇಷ ಕಳಚಿ ವಿಮಾನವನ್ನು ಮೂಲ ಸ್ವಭಾವಕ್ಕೆ ತರುತ್ತಾರೆ. ಆಫ್ ಸ್ವಿಚ್ ಇದ್ದದ್ದು ಇಲ್ಲಿ ಮಾತ್ರ.

1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆ ಎಲ್ಲವನ್ನೂ ಬದಲಿಸಿತು. ಅಮೆರಿಕ ನಿರ್ಬಂಧ ಹೇರಿತು, ಲಾಕ್‌ಹೀಡ್ ಮಾರ್ಟಿನ್ ಜೊತೆಗಿನ ಸಹಕಾರ ನಿಂತಿತು. ಉಳಿದ ಕೆಲಸವನ್ನು ಬೆಂಗಳೂರಿನ ತಂಡವೇ ಮುಗಿಸಬೇಕಾಯಿತು.

2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಮೊದಲ ಮಾದರಿ ವಿಮಾನವನ್ನು ಹಾರಿಸಿದರು. 18 ನಿಮಿಷಗಳ ಹಾರಾಟ. ಕೈಬಲದ ಬದಲಿ ವ್ಯವಸ್ಥೆ ಇಲ್ಲದ ವಿಮಾನದಲ್ಲಿ ಕುಳಿತ ಅವರು ನಂಬಿದ್ದು ಸಹೋದ್ಯೋಗಿಗಳು ಬರೆದ ಗಣಿತವನ್ನು. ಆ ವಿಮಾನಕ್ಕೆ 2003ರಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ 'ತೇಜಸ್' ಎಂದು ಹೆಸರಿಟ್ಟರು.

ತೇಜಸ್ ಮಾರ್ಕ್-1ಎಗಾಗಿ ಎಡಿಇ ಅಭಿವೃದ್ಧಿಪಡಿಸಿದ ಹೊಸ ಕಂಪ್ಯೂಟರ್ 2024ರ ಫೆಬ್ರವರಿ 19ರಂದು ಎಲ್‌ಎಸ್‌ಪಿ-7 ವಿಮಾನದಲ್ಲಿ ಮೊದಲ ಬಾರಿಗೆ ಹಾರಿತು. ಅದೂ ನಾಲ್ಕು ಚಾನೆಲ್‌ಗಳದ್ದೇ. ತಂತ್ರಾಂಶವನ್ನು ಅತ್ಯುನ್ನತ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ರೂಪಿಸಲಾಗಿದೆ.

ಪೈಲಟ್ ಕೈಯಲ್ಲಿ ಇರುವ 'ಓವರ್‌ರೈಡ್' ಯಾವುದು?

ಇಂದು ಓವರ್‌ರೈಡ್ ಎಂದರೆ ಕಂಪ್ಯೂಟರ್ ಹಾಕಿದ ಒಂದು ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸುವುದು ಅಷ್ಟೇ. ಕಂಪ್ಯೂಟರ್ ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಕೆಲವು ಉದಾಹರಣೆಗಳು ಹೀಗಿವೆ:

* ಎಫ್-16: ಮೂಗು ಮೇಲೆತ್ತಿದ ಸ್ಥಿತಿಯಲ್ಲೇ ವಿಮಾನ ಎಲೆಯಂತೆ ಕೆಳಗಿಳಿಯುತ್ತ ಸಿಕ್ಕಿಬಿದ್ದರೆ ಬಳಸಲು ಒಂದು ಸ್ವಿಚ್ ಇದೆ. ಅದನ್ನು ಒತ್ತಿ ಹಿಡಿದರೆ ಮೂಗಿನ ಚಲನೆಗೆ ಕಂಪ್ಯೂಟರ್ ಹಾಕಿರುವ ಮಿತಿ ಸರಿಯುತ್ತದೆ. ಪೈಲಟ್ ಸ್ಟಿಕ್ ಹಿಂದೆ-ಮುಂದೆ ಮಾಡಿ, ಉಯ್ಯಾಲೆ ತೂಗಿದಂತೆ ವಿಮಾನವನ್ನು ಕುಲುಕಿ ಹೊರತರುತ್ತಾರೆ.
* ಎಫ್/ಎ-18: ಸ್ಟಿಕ್‌ನ ಬುಡದಲ್ಲಿರುವ ಪಟ್ಟಿಯನ್ನು ಒತ್ತಿದರೆ ಗುರುತ್ವ ಒತ್ತಡದ ಮಿತಿ ಸುಮಾರು ಮೂರನೇ ಒಂದರಷ್ಟು ಏರುತ್ತದೆ. ಡಿಕ್ಕಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಬಳಸುವಂಥದ್ದು.
* ಮಿಗ್-29: ಮಿತಿ ಬಂದಾಗ ಸ್ಟಿಕ್ ಬಿಗಿಯಾಗಿ ಎಚ್ಚರಿಸುತ್ತದೆ. ಪೈಲಟ್ ಹೆಚ್ಚು ಬಲ ಹಾಕಿ ಎಳೆದರೆ ಅದನ್ನು ದಾಟಬಹುದು.
* ಸುಖೋಯ್-27: 1989ರ ಪ್ಯಾರಿಸ್ ಪ್ರದರ್ಶನದಲ್ಲಿ ವಿಕ್ಟರ್ ಪುಗಚೇವ್ ತೋರಿಸಿದ ಪ್ರಸಿದ್ಧ 'ನಾಗರಹಾವಿನ ಹೆಡೆ' ಕಸರತ್ತು ಸಾಧ್ಯವಾದದ್ದು ಮೂಗಿನ ಕೋನದ ಮಿತಿಯನ್ನು ಪೈಲಟ್ ತೆಗೆದುಹಾಕಿದ್ದರಿಂದ.

ಇದರ ಇನ್ನೊಂದು ಮುಖವೂ ಇದೆ. ಕೆಲವೊಮ್ಮೆ ಕಂಪ್ಯೂಟರೇ ಪೈಲಟ್‌ನನ್ನು ಓವರ್‌ರೈಡ್ ಮಾಡುತ್ತದೆ. ತೀವ್ರ ತಿರುವಿನಲ್ಲಿ ಪೈಲಟ್ ಪ್ರಜ್ಞೆ ತಪ್ಪಿ ವಿಮಾನ ನೆಲದತ್ತ ಧಾವಿಸುತ್ತಿದ್ದರೆ, ಎಫ್-16ರಲ್ಲಿ 2014ರಿಂದ ಇರುವ ವ್ಯವಸ್ಥೆ ತಾನೇ ವಿಮಾನವನ್ನು ನೇರ ಮಾಡಿ ಮೇಲೇರಿಸುತ್ತದೆ. ತೇಜಸ್‌ನಲ್ಲೂ ವೇಗ ತೀರಾ ಕುಸಿದಾಗ ತಾನಾಗಿ ಚೇತರಿಸಿಕೊಳ್ಳುವ, ದಿಕ್ಕು ತಪ್ಪಿದ ಪೈಲಟ್‌ಗೆ ನೆರವಾಗುವ ಸೌಲಭ್ಯಗಳನ್ನು ರೂಪಿಸಲಾಗಿದೆ. ನೌಕಾ ತೇಜಸ್ ಅಂತೂ ಗೋವಾದ ಇಳಿಜಾರು ರನ್‌ವೇಯಿಂದ 2014ರ ಡಿಸೆಂಬರ್ 20ರಂದು ಮೇಲೇರುವಾಗ ಆರಂಭದ ಕ್ಷಣಗಳಲ್ಲಿ ಪೈಲಟ್ ಸ್ಟಿಕ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಭಾರತದಲ್ಲಿ ಕೈಕೊಟ್ಟ ಪ್ರಸಂಗಗಳು

ವಾಯುಪಡೆ ಮೊದಲ ಸುಖೋಯ್-30 ಎಂಕೆಐ ಕಳೆದುಕೊಂಡದ್ದು 2009ರ ಏಪ್ರಿಲ್ 30ರಂದು ಜೈಸಲ್ಮೇರ್ ಬಳಿ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಮೃತಪಟ್ಟರು. ಫ್ಲೈ-ಬೈ-ವೈರ್ ವ್ಯವಸ್ಥೆಯ ತೊಂದರೆಯೇ ಸಂಭಾವ್ಯ ಕಾರಣ ಎಂದು ಆಗ ಬೊಟ್ಟು ಮಾಡಲಾಗಿತ್ತು. 2011ರ ಡಿಸೆಂಬರ್ 13ರಂದು ಪುಣೆ ಬಳಿ ಮತ್ತೊಂದು ಸುಖೋಯ್ ಬಿದ್ದಾಗಲೂ ಪ್ರಾಥಮಿಕ ಶಂಕೆ ಇದೇ ವ್ಯವಸ್ಥೆಯ ಮೇಲಿತ್ತು. ಆ ಬಾರಿ ಇಬ್ಬರೂ ಪಾರಾದರು.

ತೇಜಸ್ ಮೊದಲ ಬಾರಿ ಪತನಗೊಂಡದ್ದು 2024ರ ಮಾರ್ಚ್ 12ರಂದು ಜೈಸಲ್ಮೇರ್‌ನಲ್ಲಿ, ಅಂದರೆ ಮೊದಲ ಹಾರಾಟದ 23 ವರ್ಷಗಳ ನಂತರ. ಪೈಲಟ್ ಸುರಕ್ಷಿತವಾಗಿ ಹೊರಬಂದರು. 2025ರ ನವೆಂಬರ್ 21ರಂದು ದುಬೈ ಏರ್ ಶೋನಲ್ಲಿ ಬಿದ್ದ ತೇಜಸ್‌ನಲ್ಲಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಬದುಕುಳಿಯಲಿಲ್ಲ.

ವಿಮಾನ ಬಿದ್ದ ಮಾತ್ರಕ್ಕೆ ಕಂಪ್ಯೂಟರ್ ಕಾರಣ ಎನ್ನಲಾಗದು. ಎಂಜಿನ್, ಹೈಡ್ರಾಲಿಕ್ಸ್, ಹಕ್ಕಿ ಡಿಕ್ಕಿ, ಪೈಲಟ್ ಅನುಭವಿಸುವ ಗುರುತ್ವ ಒತ್ತಡ ಹೀಗೆ ಕಾರಣಗಳು ಹಲವು. ಪ್ರತಿ ಅಪಘಾತದ ನಂತರ ವಾಯುಪಡೆ ವಿಚಾರಣೆಗೆ ಆದೇಶಿಸುವುದು ಇದಕ್ಕೇ.

ಅಹಮದಾಬಾದ್ ದುರಂತಕ್ಕೂ ಇದಕ್ಕೂ ಸಂಬಂಧವಿದೆಯೇ?

ಬೋಯಿಂಗ್ 787 ಕೂಡ ಫ್ಲೈ-ಬೈ-ವೈರ್ ವಿಮಾನವೇ. ಆದರೆ ಅದು ಸ್ವಭಾವತಃ ಸ್ಥಿರ. ಪ್ರಯಾಣಿಕ ವಿಮಾನಗಳಲ್ಲಿ ಎರಡು ಸಿದ್ಧಾಂತಗಳಿವೆ. ಏರ್‌ಬಸ್‌ನ ಕಂಪ್ಯೂಟರ್ ಸಾಮಾನ್ಯ ಸ್ಥಿತಿಯಲ್ಲಿ ಮಿತಿ ದಾಟಲು ಬಿಡುವುದಿಲ್ಲ. ಬೋಯಿಂಗ್‌ನಲ್ಲಿ ನಿಯಂತ್ರಣ ಬಿಗಿಯಾಗಿ ಎಚ್ಚರಿಸುತ್ತದೆ, ಪೈಲಟ್ ಬಲ ಹಾಕಿದರೆ ದಾಟಬಹುದು.

ಅಹಮದಾಬಾದ್ ಪ್ರಕರಣದಲ್ಲಿ ಪ್ರಶ್ನೆ ಎದ್ದಿರುವುದು ನಿಯಂತ್ರಣ ಫಲಕಗಳ ಬಗ್ಗೆ ಅಲ್ಲ. ವಿಮಾನ ಅಪಘಾತ ತನಿಖಾ ಬ್ಯೂರೊದ 2025ರ ಜುಲೈನ ಪ್ರಾಥಮಿಕ ವರದಿ ಪ್ರಕಾರ, ಮೇಲೇರಿದ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ 'ರನ್'ನಿಂದ 'ಕಟ್‌ಆಫ್'ಗೆ ಬದಲಾಗಿದ್ದವು. ಎಂಜಿನ್‌ಗಳು ಶಕ್ತಿ ಕಳೆದುಕೊಂಡಾಗ ವಿಮಾನದ ಹೊಟ್ಟೆಯಿಂದ ಚಿಕ್ಕ ಗಾಳಿಚಕ್ರವೊಂದು ಹೊರಬಂದು ತಿರುಗತೊಡಗಿತ್ತು. ನಿಯಂತ್ರಣಕ್ಕೆ ಬೇಕಾದ ತುರ್ತು ಶಕ್ತಿ ಒದಗಿಸುವುದು ಅದರ ಕೆಲಸ. ಆದರೆ ನಿಯಂತ್ರಣ ಉಳಿದರೂ ಎತ್ತರ ಇಲ್ಲದಿದ್ದರೆ ವಿಮಾನಕ್ಕೆ ಹೋಗಲು ಜಾಗವಿರುವುದಿಲ್ಲ.

ಯುದ್ಧವಿಮಾನಗಳಲ್ಲೂ ಎಂಜಿನ್ ನಿಂತರೆ ಇದೇ ಚಿಂತೆ. ಎಫ್-16ರಲ್ಲಿ ಅದಕ್ಕೆಂದೇ ಹೈಡ್ರಜೀನ್ ಎಂಬ ರಾಸಾಯನಿಕದಿಂದ ನಡೆಯುವ ತುರ್ತು ಘಟಕವಿದೆ.

ವಡೋದರಾದಲ್ಲಿ ಹಳೆಯ ವಿಧಾನವೇ ಏಕೆ?

2024ರ ಅಕ್ಟೋಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಮತ್ತು ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಜ್ ವಡೋದರಾದಲ್ಲಿ ಟಾಟಾ ವಿಮಾನ ಘಟಕ ಉದ್ಘಾಟಿಸಿದರು. ವಾಯುಪಡೆ ಖರೀದಿಸಿರುವ 56 ಸಿ-295 ಸಾರಿಗೆ ವಿಮಾನಗಳಲ್ಲಿ 40 ಇಲ್ಲೇ ತಯಾರಾಗಬೇಕಿದೆ. ಈ ವಿಮಾನದ ನಿಯಂತ್ರಣ ಇಂದಿಗೂ ಯಾಂತ್ರಿಕ ಕೊಂಡಿಗಳದ್ದೇ. ಇದನ್ನು ಹಿಂದುಳಿದ ತಂತ್ರಜ್ಞಾನ ಎನ್ನುವಂತಿಲ್ಲ. ಸೈನಿಕರನ್ನೂ ಸರಕನ್ನೂ ಹೊತ್ತು ಸಣ್ಣ ರನ್‌ವೇಗಳಲ್ಲಿ ಇಳಿಯುವ ವಿಮಾನಕ್ಕೆ ಸ್ಥಿರತೆಯೇ ಬಂಡವಾಳ, ದುರಸ್ತಿಯೂ ಸುಲಭವಾಗಿರಬೇಕು. ಕೆಲಸಕ್ಕೆ ತಕ್ಕ ನಿಯಂತ್ರಣ.

ಕೊನೆಯ ಸ್ವಿಚ್

ಹಾಗಾದರೆ ತೇಜಸ್‌ನಂಥ ವಿಮಾನದಲ್ಲಿ ನಾಲ್ಕೂ ಚಾನೆಲ್ ನಿಂತರೆ? ಆಗ ಉಳಿಯುವುದು ಪೈಲಟ್‌ನ ಮೊಣಕಾಲುಗಳ ನಡುವೆ ಇರುವ ಒಂದು ಹಿಡಿಕೆ ಮಾತ್ರ. ಅದನ್ನೆಳೆದರೆ ಮಾರ್ಟಿನ್-ಬೇಕರ್ ಆಸನ ರಾಕೆಟ್ ಬಲದಿಂದ ಪೈಲಟ್ ಸಮೇತ ಹೊರಚಿಮ್ಮುತ್ತದೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಕೆಲಸ ಮಾಡುವಂತೆ ಈ ಆಸನವನ್ನು ರೂಪಿಸಲಾಗಿದೆ. ಆದರೆ ವಿಮಾನ ನೆಲದತ್ತ ವೇಗವಾಗಿ ಇಳಿಯುತ್ತಿದ್ದರೆ ನಿರ್ಧಾರಕ್ಕೆ ಸಿಗುವುದು ಸೆಕೆಂಡುಗಳಷ್ಟೇ.

ಆ ಸೆಕೆಂಡುಗಳಲ್ಲಿ ಯಾವುದು ದುರಸ್ತಿಯಾಗಬಹುದಾದ ದೋಷ, ಯಾವುದು ಅಲ್ಲ ಎಂದು ತೀರ್ಮಾನಿಸಬೇಕಾದವರು ಪೈಲಟ್. ಕೆಳಗೆ ಊರಿದೆಯೇ, ಹೊಲವಿದೆಯೇ ಎಂದು ನೋಡಬೇಕಾದವರೂ ಅವರೇ. ಜಾಮ್‌ನಗರದ ಆ ರಾತ್ರಿ ನಡೆದದ್ದೂ ಇಂಥದ್ದೇ ತೀರ್ಮಾನ. ಯಾವ ಕಂಪ್ಯೂಟರ್‌ಗೂ ವಹಿಸಿಕೊಡದೆ ಮನುಷ್ಯನ ಕೈಯಲ್ಲೇ ಉಳಿಸಿರುವ ಕೆಲಸ ಅದು.